ಪತ್ನಿ ಮಾಲಿನಿ, ಪುತ್ರ ಸಮ್ಯಕ್

ಹಾಸ್ಟೆಲ್, ಮೈಸೂರು
ಭಾನುವಾರ, 15 ಸೆಪ್ಟೆಂಬರ್ 2024

ಪ್ರೀತಿಯ ಲಲಿತತ್ತೆ,

ಬೋರ್ಡಿಂಗ್ ಸ್ಕೂಲಿನಲ್ಲಿ ಭಾನುವಾರ ಬೆಳಿಗ್ಗೆ ಮನೆಗೆ ಪತ್ರ ಬರೆದು ತೋರಿಸದಿದ್ದರೆ ತಿಂಡಿ ಕೊಡುತ್ತಿರಲಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಆ ರೂಲ್ ಇಲ್ಲ. ಆದರೂ ಭಾನುವಾರ ಬಂದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಫೋನ್ ಮಾಡೋಣವೆಂದರೆ ನಿಮಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ನಾನು ಕೂಗಿ ಹೇಳಬೇಕು. ಇದು ಕೂಗಿ ಹೇಳುವ ವಿಷಯವಲ್ಲ. ರೂಮಿನಲ್ಲಿ ಇನ್ನೂ ಮೂವರು ಇದ್ದಾರೆ.

ಗುರುವಾರ ಅಪ್ಪ ಪ್ರಮಾಣವಚನ ತೆಗೆದುಕೊಳ್ಳುವಾಗ ನಾನು ಎಕನಾಮಿಕ್ಸ್ ಕ್ಲಾಸಿನಲ್ಲಿದ್ದೆ. ಕೊನೇ ಬೆಂಚಿನಲ್ಲಿ ಕೂತು, ಕೂದಲೊಳಗೆ ಇಯರ್‌ಫೋನ್ ಮುಚ್ಚಿಟ್ಟುಕೊಂಡು ಲೈವ್ ನೋಡಿದೆ. ‘ಶಿವಪ್ರಕಾಶ್ ಆದ ನಾನು’ ಅಂದಾಗ ಅಪ್ಪನ ದನಿ ಸ್ವಲ್ಪ ನಡುಗಿತು. ಆಮೇಲೆ ರೇಷ್ಮೆ ಖಾತೆ ಅಂತ ಗೊತ್ತಾಯಿತು.

ಮಾರನೆಯ ದಿನ ನನ್ನ ರೂಮ್‌ಮೇಟ್ ಸೌಂದರ್ಯ ಮೆಸ್ಸಿನಿಂದ ಪೇಪರ್ ಎತ್ತಿಕೊಂಡು ಬಂದಳು. ಸಂಪುಟ ಪುನಾರಚನೆ, ಹೊಸ ಸಚಿವರ ಹಿನ್ನೆಲೆ ಅಂತ ಒಬ್ಬೊಬ್ಬರಿಗೂ ಒಂದೊಂದು ಚೌಕ. ಅಪ್ಪನದು ಹೀಗಿತ್ತು:

‘ಎಚ್.ಎನ್. ಶಿವಪ್ರಕಾಶ್, 52. ವಿಧಾನ ಪರಿಷತ್ ಸದಸ್ಯರು. ಅರಸೀಕೆರೆ ತಾಲ್ಲೂಕು ಹಾರನಹಳ್ಳಿಯ ತೆಂಗು ಬೆಳೆಗಾರ ನಂಜುಂಡಯ್ಯನವರ ಪುತ್ರ. ಬಿ.ಎ. ಪದವೀಧರ. ಊರಿನ ಹಾಲಿನ ಸಂಘದಿಂದ ಸಾರ್ವಜನಿಕ ಜೀವನ ಆರಂಭ. ಬಾಲ್ಯದಲ್ಲಿ ಹುಣಸೆ ಮರದಿಂದ ಬಿದ್ದು ಕೈ ಮುರಿದರೂ ಯಾರಿಗೂ ಹೇಳದೆ, ಅಂಗಿಯ ತೋಳಿನಲ್ಲಿ ಮುಚ್ಚಿಕೊಂಡು ಶಾಲೆಗೆ ಹೋಗಿದ್ದ ಗಟ್ಟಿಗ. ಹವ್ಯಾಸ: ಓದು, ವಾಲಿಬಾಲ್. ಪತ್ನಿ ಮಾಲಿನಿ, ಪುತ್ರ ಸಮ್ಯಕ್.’

ಅಷ್ಟೇ ಅತ್ತೆ. ಫುಲ್‌ಸ್ಟಾಪ್.

ಸೌಂದರ್ಯ ಎರಡು ಸಲ ಓದಿ, “ನಿನ್ ಹೆಸ್ರು ಎಲ್ಲೇ?” ಅಂದಳು. ಜಾಗ ಇರಲಿಲ್ಲವೇನೋ ಅಂದೆ. ವಾಲಿಬಾಲ್‌ಗೆ ಜಾಗ ಇತ್ತಲ್ಲ ಅಂದಳು. ಸಂಜೆ ವಾರ್ಡನ್ ಕರೆಸಿ, ನೀನು ಹೊಸ ಸಚಿವರ ಕಡೆಯವಳಾ ಎಂದು ಕೇಳಿದರು. ಅವರೂ ನಮ್ಮ ತಾಲ್ಲೂಕಿನವರೇ ಮೇಡಂ ಅಂದುಬಿಟ್ಟೆ. ಯಾಕೆ ಹಾಗಂದೆ ಗೊತ್ತಿಲ್ಲ.

ಅಪ್ಪನಿಗೆ ಫೋನ್ ಮಾಡಿದರೆ ಯಾರೋ ಪಿ.ಎ. ಎತ್ತುತ್ತಾರೆ. ಅಮ್ಮ ‘ಹೋಗ್ಲಿ ಬಿಡು ಪುಟ್ಟಾ, ಪೇಪರ್‌ನೋರು’ ಅಂದು ಮಾತು ಬದಲಿಸಿದರು. ನಾನೇ ಎಡಿಟರ್‌ಗೆ ಒಂದು ಮೇಲ್ ಹಾಕಲಾ? ಸಚಿವರಿಗೆ ಮಗಳೂ ಇದ್ದಾಳೆ, ದಯವಿಟ್ಟು ಸರಿಪಡಿಸಿ ಅಂತ? ನಿಮ್ಮನ್ನು ಕೇಳದೆ ಮಾಡುವುದು ಬೇಡ ಅನ್ನಿಸಿತು. ನಾನೇನಾದರೂ ತಪ್ಪು ಮಾಡಿದ್ದೇನಾ? ಮಾಡಿದ್ದರೆ ನೇರವಾಗಿ ಹೇಳಿ. ನನ್ನ ಕನ್ನಡದ ಮಿಸ್ಟೇಕ್‌ಗಳನ್ನು ಎಂದಿನಂತೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಬೇಡಿ, ಈ ಸಲ ಉತ್ತರ ಕಳಿಸಿ.

ನಿಮ್ಮ
ಶಿಲ್ಪಶ್ರೀ

*

ಹಾರನಹಳ್ಳಿ
21-9-2024

ಚಿರಂಜೀವಿ ಶಿಲ್ಪಶ್ರೀ,

ಇಲ್ಲಿ ನಾನು, ಎರಡು ಹಸು, ಒಂದು ಕರು ಎಲ್ಲರೂ ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇವೆ. ನೀನು ತಿನ್ನುತ್ತಿದ್ದೀಯೋ ಇಲ್ಲವೋ ಅದನ್ನು ಮೊದಲು ಬರಿ.

ಊರಿನಲ್ಲಿ ಮೂರು ದಿನ ಪಟಾಕಿ. ನಮ್ಮ ಹಾಲಿನ ಡೇರಿಯಲ್ಲಿ ಮೈಸೂರುಪಾಕು ಹಂಚಿದೆವು. ಅಂಗನವಾಡಿಯಲ್ಲಿ ನನ್ನ ಹತ್ತಿರ ಅಕ್ಷರ ಕಲಿತವರೆಲ್ಲ ಬಂದು, ಮಿನಿಸ್ಟರ ಅಕ್ಕ ಎಂದು ಕಾಲಿಗೆ ಬಿದ್ದು ಹೋದರು. ಹಾಲು ಅಳೆಯುವ ಕೆಂಚಪ್ಪ ಮಾತ್ರ, “ತೆಂಗಿನಮರ ಹತ್ತೋನಿಗೆ ಹುಳ ಸಾಕೋ ಕೆಲ್ಸ ಕೊಟ್ಟವ್ರಲ್ಲಮ್ಮ” ಎಂದು ಎಲ್ಲರನ್ನೂ ನಗಿಸಿದ. ನಿಮ್ಮಪ್ಪ ಮರ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಹತ್ತಿದ್ದೊಂದು ಹುಣಸೆಮರ, ಅದರಿಂದಲೂ ಬಿದ್ದ.

ಪೇಪರಿನವರು ಬರೆದದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಇವತ್ತಿದ್ದ ಪೇಪರು ನಾಳೆ ಬೋಂಡಾ ಕಟ್ಟುವುದಕ್ಕೆ. ನೀನು ಮೇಲ್ ಗೀಲ್ ಹಾಕಕೂಡದು. ಇದು ಪಿತೃಪಕ್ಷ, ಇಂಥದ್ದನ್ನೆಲ್ಲ ಎತ್ತಿ ಆಡುವ ಕಾಲವಲ್ಲ. ಹಬ್ಬ ಕಳೆಯಲಿ, ಎದುರಿಗೆ ಕೂತು ಮಾತಾಡೋಣ.

ನೀನು ತಪ್ಪು ಮಾಡಿಲ್ಲ. ತಲೆಗೆ ಎಣ್ಣೆ ಹಾಕಿಕೊ.

ಲಲಿತತ್ತೆ

*

ಹಾಸ್ಟೆಲ್, ಮೈಸೂರು
ಭಾನುವಾರ, 29 ಸೆಪ್ಟೆಂಬರ್ 2024

ಅತ್ತೆ,

ನಿಮ್ಮ ಪತ್ರವನ್ನು ತುಂಬ ಸಲ ಓದಿದೆ. ಆಮೇಲೆ ಪೇಪರಿನ ಚೌಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಗ ಗೊತ್ತಾಯಿತು.

ಹುಣಸೆಮರದ ಕಥೆ ಅಪ್ಪ ಯಾರಿಗೂ ಹೇಳುವುದಿಲ್ಲ, ನಾಚಿಕೆ ಅವರಿಗೆ. ಬೇಲೂರಿನಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಅದು ಯಾವ ಮರ ಅಂತಲೂ ಗೊತ್ತಿಲ್ಲ. ಪ್ರಪಂಚದಲ್ಲಿ ಆ ಕಥೆ ಹೇಳುವವರು ನೀವೊಬ್ಬರೇ, ಅದೂ ನಿಮ್ಮ ತೋಳನ್ನು ಸೆರಗಿನೊಳಗೆ ಮಡಿಸಿ ತೋರಿಸಿಕೊಂಡು. ಪೇಪರಿನವರು ಅರಸೀಕೆರೆಯ ನಮ್ಮ ಮನೆಗೆ ಹೋಗಿಲ್ಲ. ಹಾರನಹಳ್ಳಿಗೆ, ನಿಮ್ಮ ಹತ್ತಿರ ಬಂದಿದ್ದಾರೆ. ಅಂದರೆ ಒಬ್ಬನೇ ಮಗ ಅಂತ ಹೇಳಿದವರು ನೀವು.

ಯಾಕೆ ಅಂತ ನನಗೆ ಗೊತ್ತು. ಹೋದ ಸಲ ಬರೆಯಲಿಲ್ಲ, ಈಗ ಬರೆಯುತ್ತೇನೆ. ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ಮುಂದೆ ಫೀಸ್ ಹೈಕ್ ವಿರುದ್ಧ ಪ್ರೊಟೆಸ್ಟ್ ಆಯಿತು. ಸೌಂದರ್ಯ ಹೋದಳು ಅಂತ ನಾನೂ ಹೋದೆ. ಯಾರೋ ಕೈಗೆ ಬೋರ್ಡು ಕೊಟ್ಟರು. ಸರ್ಕಾರಕ್ಕೆ ಧಿಕ್ಕಾರ ಅಂತ ಬಾಯಿ ಇಷ್ಟಗಲ ಬಿಟ್ಟಿರುವ ನನ್ನ ಫೋಟೋ ಜಿಲ್ಲಾ ಪುಟದಲ್ಲಿ ಬಂತು. ಮಾರನೆಯ ದಿನ ಅಪ್ಪ ಫೋನ್ ಮಾಡಿ, “ಏನ್ ತೌಡಮ್ಮ, ಗಂಟ್ಲು ಹೆಂಗೈತೆ?” ಎಂದರು. ಅಷ್ಟು ಕೇಳಿ ಲೈನ್ ಕಟ್. ಅದೇ ಸರ್ಕಾರದಲ್ಲಿ ಮಂತ್ರಿಯಾಗುವವರಿಗೆ ಇಂಥ ಮಗಳು ಯಾಕೆ ಬೇಕು? ಅದಕ್ಕೇ ಎಲ್ಲರೂ ಸೇರಿ ನನ್ನನ್ನು ಹಿನ್ನೆಲೆಯಿಂದ ತೆಗೆದಿದ್ದೀರಿ.

ಆ ತೌಡಮ್ಮ ಅನ್ನುವ ಹೆಸರೂ ನನಗೆ ಇಷ್ಟವಿಲ್ಲ. ಚಿಕ್ಕಂದಿನಿಂದಲೂ ಇಲ್ಲ. ಸಮ್ಯಕ್‌ಗೆ ರಾಜಾ, ನನಗೆ ಹಸು ತಿನ್ನುವ ತೌಡು.

ಇನ್ನೊಂದು ಹೇಳುತ್ತೇನೆ. ಅಪ್ಪ ಒಮ್ಮೆಯಾದರೂ ಬೇರೆಯವರ ಮುಂದೆ ‘ನನ್ನ ಮಗಳು’ ಅಂದದ್ದು ನೆನಪಿದೆಯಾ ಅಂತ ರಾತ್ರಿಯೆಲ್ಲ ಯೋಚಿಸಿದೆ. ಇಲ್ಲ. ಆರನೇ ಕ್ಲಾಸಿನ ರಜೆಯಲ್ಲಿ ಹಳೇಬೀಡಿಗೆ ಹೋಗಿದ್ದೆವಲ್ಲ, ದೇವಸ್ಥಾನದ ಗೈಡು ‘ಮಗಳಾ ಸಾರ್?’ ಎಂದು ಕೇಳಿದ. ಅಪ್ಪ ನನ್ನ ತಲೆ ಮೇಲೆ ಕೈ ಇಟ್ಟುಕೊಂಡೇ, ನಮ್ಮಕ್ಕನ ಮನೆ ಹುಡುಗಿ ಎಂದರು. ಆಗ ನಾನು ಕಲ್ಲಿನ ಆನೆಗಳನ್ನು ನೋಡುತ್ತಿರುವ ಹಾಗೆ ನಟಿಸಿದೆ.

ಮೇಲ್ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ಮುಂದಿನ ಭಾನುವಾರದವರೆಗೆ ಕಾಯುತ್ತೇನೆ. ಆಮೇಲೆ ಕಳಿಸುತ್ತೇನೆ.

ಶಿಲ್ಪಶ್ರೀ

*

ಹಾರನಹಳ್ಳಿ
3-10-2024

ಶಿಲ್ಪಶ್ರೀ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಫೋನು ಮುಟ್ಟಬೇಡ.

ಹೌದು, ಆ ಪೇಪರಿನ ಹುಡುಗ ಇಲ್ಲಿಗೇ ಬಂದಿದ್ದ. ಕಾಫಿ ಕೊಟ್ಟೆ. ಎಷ್ಟು ಜನ ಮಕ್ಕಳು ಎಂದು ಕೇಳಿದ. ಒಬ್ಬ ಮಗ ಎಂದೆ. ಅದು ಸುಳ್ಳಲ್ಲ. ಹದಿನೆಂಟು ವರ್ಷದಿಂದ ನನ್ನ ತಮ್ಮನಿಗೆ ಮಗಳಿಲ್ಲ. ಮಗಳಿರುವುದು ನನಗೆ.

ಕಾಗದ ಬಿಸಾಡಬೇಡ, ಮುಂದಕ್ಕೆ ಓದು.

ನಿನಗಿಂತ ಮುಂಚೆ ಮಾಲಿನಿಗೆ ಎರಡು ಕೂಸು ಹುಟ್ಟಿ ಹೋದವು. ಎರಡನೆಯದು ಹೋದಾಗ ಅದಕ್ಕೆ ಹೆಸರಿಟ್ಟ ದಿನದ ಹೂವು ಇನ್ನೂ ಬಾಡಿರಲಿಲ್ಲ. ನೀನು ಹುಟ್ಟಿದಾಗ ನಿಮ್ಮ ತಾತ ಮಂಚದಿಂದ ಎದ್ದು ಬಂದು, “ಇದು ನಮ್ಮನೆ ಕೂಸಲ್ಲ, ಮಾರ್ಬುಡಿ” ಎಂದರು. ನಮ್ಮಲ್ಲಿ ಇದು ಹೊಸದಲ್ಲ. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಹೊಸ್ತಿಲಾಚೆ ತಂದು, ತೌಡಿಗೆ ಮಾರುತ್ತಾರೆ. ತೌಡಿಗೆ ಹೋದ ಕೂಸು, ಬೆಲೆಯಿಲ್ಲದ್ದು ಎಂದು ಸಾವು ಅದರ ಕಡೆ ತಿರುಗಿ ನೋಡುವುದಿಲ್ಲ ಎಂದು ಹಿರಿಯರ ನಂಬಿಕೆ. ನಿಮ್ಮ ಮಾವ ತೀರಿಕೊಂಡು ನಾನು ತವರಿಗೆ ಬಂದು ಒಂದು ವರ್ಷವಾಗಿತ್ತು. ಬಾಗಿಲಾಚೆ ಸೆರಗೊಡ್ಡಿ ನಿಂತೆ. ಒಂದು ಮೊರ ತೌಡು ಸುರಿದೆ. ನಿಮ್ಮಪ್ಪ ನಿನ್ನನ್ನು ನನ್ನ ಸೆರಗಿಗೆ ಹಾಕಿ, ಹಿಂದಕ್ಕೆ ನೋಡದೆ ಒಳಗೆ ಹೋದ. ಹಿಂದಕ್ಕೆ ನೋಡಬಾರದು, ಅದೂ ಪದ್ಧತಿ. ಒಳಗೆ ಹೋದವನು ಕದಕ್ಕೆ ಹಣೆ ಚಚ್ಚಿಕೊಂಡದ್ದು ನನಗೆ ಹೊರಗೆ ಕೇಳಿಸಿತು.

ಆವತ್ತಿನಿಂದ ನೀನು ತೌಡಮ್ಮ. ಅದು ಬೈಗುಳವಲ್ಲ ಕಣೇ, ಕಾವಲು.

ಮಾಲೇಕಲ್ಲು ಬೆಟ್ಟದ ವೆಂಕಟರಮಣನ ಮುಂದೆ ಅಷ್ಟೇ ತೌಡನ್ನು ನನಗೆ ಹಿಂದಕ್ಕೆ ಕೊಟ್ಟು ಬಿಡಿಸಿಕೊಳ್ಳುವ ತನಕ ಹೆತ್ತವರು ನಮ್ಮ ಮಗಳು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಮಗುವಿಗೂ ತಿಳಿಸುವಂತಿಲ್ಲ. ನಿನ್ನ ಮೇಲ್ ತಡೆಯಬೇಕೆಂದು ಈಗ ಹೇಳಬೇಕಾಯಿತು. ಆಧಾರಿನಲ್ಲಿ, ಸ್ಕೂಲಿನಲ್ಲಿ ಅವನ ಹೆಸರಿದೆಯಲ್ಲ ಎನ್ನಬೇಡ. ಅದು ಸರ್ಕಾರದ ಲೆಕ್ಕ. ಬಾಯಲ್ಲಿ ಹೇಳುವುದು ದೇವರ ಲೆಕ್ಕ.

ಆ ಫೋಟೋದ ವಿಷಯ ನನಗೆ ಆಗಲೇ ಗೊತ್ತು. ನಿಮ್ಮಪ್ಪ ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದಾನೆ. ಹೋದಲ್ಲಿ ಬಂದಲ್ಲಿ ತೆಗೆದು, “ನಮ್ಮಕ್ಕನ ಮಗಳು ನೋಡ್ರಿ, ಹೆಂಗ್ ಕೂಗ್ತಾವ್ಳೆ” ಎಂದು ತೋರಿಸುತ್ತಾನೆ. ಮುಖ್ಯಮಂತ್ರಿಗೂ ತೋರಿಸಿದನಂತೆ. ಅಕ್ಕನ ಮಗಳು ಎಂದರೆ ತಾನೇ ಅವನು ನಿನ್ನ ವಿಷಯ ಹೊಗಳಿಕೊಳ್ಳಬಹುದು?

ಆ ಡ್ರಾಫ್ಟನ್ನು ಅಳಿಸಿಬಿಡು. ನನಗೆ ಬೇರೆ ಯಾವ ಭಯವೂ ಇಲ್ಲ, ಇದೊಂದಿದೆ.

ಲಲಿತತ್ತೆ

*

ಹಾಸ್ಟೆಲ್, ಮೈಸೂರು
ಭಾನುವಾರ, 6 ಅಕ್ಟೋಬರ್ 2024

ಪ್ರೀತಿಯ ಅತ್ತೆ,

ಡ್ರಾಫ್ಟ್ ಡಿಲೀಟ್ ಮಾಡಿದೆ.

ನಾನು ಇಂಥದ್ದನ್ನು ನಂಬುವವಳಲ್ಲ. ನಿಮಗೇ ಗೊತ್ತು, ಏಳನೇ ಕ್ಲಾಸಿನಲ್ಲಿ ಬೆಕ್ಕು ಅಡ್ಡ ಬಂದರೆ ಏನಾಗುತ್ತೆ ಅಂತ ಸೈನ್ಸ್ ಪ್ರಾಜೆಕ್ಟ್ ಮಾಡಿದವಳು. ಆದರೂ ನಿಮ್ಮ ಪತ್ರ ಓದಿ, ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸೌಂದರ್ಯ ಬಾಗಿಲು ತಟ್ಟಿ, ನೀರು ಖಾಲಿಯಾಗುತ್ತೆ ಕಣೇ, ಹೊರಗೆ ಬಂದು ಅಳು ಅಂದಳು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ನಾನು ಸಾಯಲಿಲ್ಲ. ಸಮ್ಯಕ್ ಹುಟ್ಟಿದ, ಅವನಿಗೂ ಏನೂ ಆಗಲಿಲ್ಲ. ಹಾಗಿದ್ದರೆ ಇಷ್ಟು ವರ್ಷ ಯಾಕೆ ಯಾರೂ ನನ್ನನ್ನು ಬಿಡಿಸಿಕೊಳ್ಳಲಿಲ್ಲ?

ಆಮೇಲೆ ಮಾಲೇಕಲ್ಲು ನೆನಪಾಯಿತು. ಮೂರನೇ ಕ್ಲಾಸು ಮುಗಿದ ಬೇಸಿಗೆ. ನನಗೆ ಹಸಿರು ಲಂಗ. ಅಪ್ಪನ ಹೆಗಲ ಮೇಲೆ ಒಂದು ಗಂಟು. ಏನದು ಅಂದರೆ ದೇವರದು ಎಂದರು. ಅರ್ಧ ಬೆಟ್ಟ ಹತ್ತಿದ ಮೇಲೆ ನೀವು ಮೆಟ್ಟಿಲ ಮೇಲೆ ಕೂತುಬಿಟ್ಟಿರಿ. ಮಂಡಿ ನೋವು, ಇನ್ನು ಒಂದು ಹೆಜ್ಜೆಯೂ ಆಗುವುದಿಲ್ಲ ಅಂದಿರಿ. ಅಪ್ಪ ಹೊತ್ತುಕೊಂಡು ಹೋಗುತ್ತೇನೆ ಎಂದು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಎಲ್ಲರೂ ವಾಪಸು ಇಳಿದೆವು. ಅದಾದ ಮೇಲೆ ನನ್ನನ್ನು ಬೋರ್ಡಿಂಗ್ ಸ್ಕೂಲಿಗೆ ಹಾಕಿದರು.

ಆದರೆ ಅತ್ತೆ, ಅವತ್ತೇ ಸಂಜೆ ಕರು ಹಗ್ಗ ಕಿತ್ತುಕೊಂಡು ಓಡಿತು. ಕೆರೆ ಏರಿಯವರೆಗೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದವರು ನೀವು. ನಾನು ಜಗಲಿ ಮೇಲೆ ಕೂತು ಚಪ್ಪಾಳೆ ತಟ್ಟಿದೆ. ಸ್ಕೂಲಿನಲ್ಲಿ ಇದನ್ನು ಫನ್ನಿ ಸ್ಟೋರಿ ಅಂತ ಎಲ್ಲರಿಗೂ ಹೇಳುತ್ತಿದ್ದೆ.

ಈ ವಾರ ಅದು ಫನ್ನಿ ಅನ್ನಿಸಲಿಲ್ಲ. ಕೋಪವೂ ಬರಲಿಲ್ಲ.

ನಿಮ್ಮ ಮಂಡಿ ಈಗ ಹೇಗಿದೆ?

ನಿಮ್ಮ
ಶಿಲ್ಪಶ್ರೀ

*

ಹಾಸ್ಟೆಲ್, ಮೈಸೂರು
ಭಾನುವಾರ, 20 ಅಕ್ಟೋಬರ್ 2024

ಅತ್ತೆ, ಹೋದ ವಾರ ನಿಮ್ಮ ಪತ್ರ ಬರಲಿಲ್ಲ. ಈ ವಾರವೂ ಬರಲಿಲ್ಲ. ದಸರಾ ರಜೆಗೆ ಬರದೇ ಇದ್ದದ್ದು ಕೋಪದಿಂದಲ್ಲ, ಅಸೈನ್‌ಮೆಂಟ್ ಇತ್ತು. ನಿಜ ಹೇಳಬೇಕೆಂದರೆ ಅಸೈನ್‌ಮೆಂಟ್ ಚಿಕ್ಕದು, ಭಯ ದೊಡ್ಡದು. ನಾನು ಕೇಳಬಾರದ್ದನ್ನು ಕೇಳಿದೆನಾ? ಮಂಡಿಯ ವಿಷಯ ವಾಪಸು ತೆಗೆದುಕೊಂಡಿದ್ದೇನೆ. ಒಂದು ಕಾರ್ಡಿನಲ್ಲಿ ‘ಸರಿ’ ಅಂತ ಬರೆದು ಹಾಕಿದರೂ ಸಾಕು.

ಶಿಲ್ಪಶ್ರೀ

*

ಹಾರನಹಳ್ಳಿ
4-11-2024

ಚಿರಂಜೀವಿ ಶಿಲ್ಪಶ್ರೀ,

ತೆಂಗಿನಕಾಯಿ ಕೀಳಿಸುವುದಿತ್ತು. ಡೇರಿಯ ಆಡಿಟ್ ಇತ್ತು. ಅದಕ್ಕೇ ಬರೆಯಲಾಗಲಿಲ್ಲ.

ದೀಪಾವಳಿಗೆ ನಿಮ್ಮಪ್ಪ ಬಂದಿದ್ದ. ಬಾವುಟದ ಕಾರು, ಹಿಂದೆ ಪೊಲೀಸು, ಬೀದಿಯಲ್ಲೆಲ್ಲ ಜನ. ಎಲ್ಲರನ್ನೂ ಜಗಲಿಯಲ್ಲಿ ಬಿಟ್ಟು ಒಳಗೆ ಬಂದು, ನಾನು ಕೂತಿದ್ದ ಮಣೆಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಬಿಳಿ ಪಂಚೆ ಕೊಳೆಯಾಗುತ್ತೆ ಎಂದೆ. ಏಳದೆ ಹೇಳಿದ:

“ಅಕ್ಕ, ಗವರ್ನರ್ ಮುಂದೆ ಒಂದೇ ಉಸ್ರಿಗೆ ಪ್ರಮಾಣ ಮಾಡ್ದೆ. ನಿನ್ ಮುಂದೆ ಒಂದು ಮಾತು ಕೇಳಕ್ಕೆ ಇಷ್ಟು ವರ್ಷದಿಂದ ಬಾಯೇ ಬರ್ತಿಲ್ಲ.”

ಹಾಲು ಕರೆಯುವ ಹೊತ್ತಾಗಿತ್ತು, ನಾನು ಎದ್ದು ಕೊಟ್ಟಿಗೆಗೆ ಹೋದೆ. ಹಿಂದೆಯೇ ಬಂದು ಕರು ಹಿಡಿದುಕೊಂಡು ನಿಂತ. ಕರು ಅವನ ಜುಬ್ಬದ ತುದಿ ಚೀಪುತ್ತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

“ಕೂಸು ಹೆದ್ರಕೊಂಡೈತಂತೆ ಅಕ್ಕ. ಮಾಲಿನಿಗೆ ಫೋನ್ ಮಾಡಿ, ನಾನು ಯಾರ ಮಗ್ಳು ಅಂತ ಕೇಳ್ತಂತೆ.”

ನೀನು ಅದನ್ನು ನನಗೆ ಬರೆಯಲಿಲ್ಲ.

ಮಾಲೇಕಲ್ಲಿಗೆ ಕಾರ್ತಿಕದ ಶನಿವಾರ, 23ನೇ ತಾರೀಖು ಎಂದು ಅವನೇ ಗೊತ್ತು ಮಾಡಿಕೊಂಡು ಹೋಗಿದ್ದಾನೆ. ನಾನು ಹೂಂ ಎಂದಿಲ್ಲ, ಉಹೂಂ ಎಂದಿಲ್ಲ. ನೀನು ಬೆಳಿಗ್ಗೆಯ ರೈಲಿಗೆ ಅರಸೀಕೆರೆಗೆ ಬಂದಿಳಿದರೆ ಸಮ್ಯಕ್ ಸ್ಟೇಷನ್ನಿಗೆ ಬರುತ್ತಾನೆ.

ಹಸಿರು ಲಂಗ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಸುಮ್ಮನೆ ಹೇಳಿದೆ.

ಲಲಿತತ್ತೆ

*

ಹಾಸ್ಟೆಲ್, ಮೈಸೂರು
ಭಾನುವಾರ, 10 ನವೆಂಬರ್ 2024

ಪ್ರೀತಿಯ ಅತ್ತೆ,

ಬರುತ್ತೇನೆ. ಸೋಮವಾರ ಇಂಟರ್ನಲ್ ಟೆಸ್ಟ್ ಇದೆ, ಆದ್ದರಿಂದ ಅವತ್ತೇ ಸಂಜೆ ಹೊರಡಬೇಕು.

ಆದರೆ ಒಂದು ಕಂಡೀಷನ್. ನಾನು ಮಾರಾಟವಾಗುವಾಗ ನನ್ನನ್ನು ಯಾರೂ ಕೇಳಲಿಲ್ಲ, ನ್ಯಾಯವಾಗಿ ಕೇಳುವ ಹಾಗೂ ಇರಲಿಲ್ಲ. ಈಗ ಕೇಳಲೇಬೇಕು. ಅಪ್ಪ ನಿಮಗೆ ಹಿಂದಕ್ಕೆ ಕೊಡುವ ತೌಡಿನಲ್ಲಿ ಒಂದು ಹಿಡಿ ಕಡಿಮೆ ಇರಬೇಕು. ಆ ಒಂದು ಹಿಡಿಯಷ್ಟು ನಾನು ಯಾವತ್ತಿಗೂ ವಾಪಸು ಹೋಗುವುದಿಲ್ಲ, ನಿಮ್ಮಲ್ಲೇ ಇರುತ್ತೇನೆ. ಲಾಜಿಕ್ ಸರಿಯಾಗಿದೆಯಾ? ನಿಮ್ಮ ದೇವರ ಲೆಕ್ಕದಲ್ಲಿ ಇದಕ್ಕೆ ಅವಕಾಶವಿದೆಯಾ?

ಅಪ್ಪನಿಗೂ ವಾಟ್ಸಾಪ್‌ನಲ್ಲಿ ಇದನ್ನೇ ಬರೆದೆ. ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ.

ನಿಮ್ಮ
ಶಿಲ್ಪಶ್ರೀ

*

ಹಾಸ್ಟೆಲ್, ಮೈಸೂರು
ಭಾನುವಾರ, 24 ನವೆಂಬರ್ 2024

ಅತ್ತೆ,

ನಿನ್ನೆ ತಾನೇ ನೋಡಿದವರಿಗೆ ಇವತ್ತು ಪತ್ರ ಬರೆಯುವುದು ವಿಚಿತ್ರ. ಟೆಸ್ಟ್‌ಗೆ ಓದಬೇಕು, ಆದರೆ ಪುಸ್ತಕದಲ್ಲಿ ಅಕ್ಷರ ಕಾಣಿಸುತ್ತಿಲ್ಲ.

ಅಪ್ಪ ಬೆಟ್ಟ ಇಳಿಯುವಾಗ ಹೂವಿನವಳಿಗೆ, ಕಾಯಿ ಅಂಗಡಿಯವನಿಗೆ, ಚಪ್ಪಲಿ ಕಾಯುವವನಿಗೆ, ಕೇಳಿದವರಿಗೂ ಕೇಳದವರಿಗೂ ‘ನನ್ ಮಗ್ಳು, ಮೈಸೂರಲ್ಲಿ ಓದ್ತಾವ್ಳೆ’ ಎಂದು ಹೇಳಿಕೊಂಡು ಬಂದರು. ಅಮ್ಮ ನನ್ನ ಕೈ ಹಿಡಿದವರು ಕಾರಿನಲ್ಲೂ ಬಿಡಲಿಲ್ಲ. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಖುಷಿಯಾಯಿತು.

ಆದರೆ ಮೇಲೆ ದೇವರ ಮುಂದೆ ಪೂಜಾರಿ ಕಣ್ಣು ಮುಚ್ಚಿಕೊ ಅಂದಾಗ ಮುಚ್ಚಿದೆ. ಮೊರ ಆಗ ತುಂಬಿತ್ತು. ಕಣ್ಣು ಬಿಟ್ಟಾಗ ಮೊರ ಖಾಲಿ, ತೌಡೆಲ್ಲ ನಿಮ್ಮ ಸೆರಗಿನಲ್ಲಿ. ಅಪ್ಪ ನನ್ನ ಮಾತು ನಡೆಸಲಿಲ್ಲ. ಕೇಳುವುದಕ್ಕೆ ಅಷ್ಟು ಜನರ ಮುಂದೆ ಧೈರ್ಯ ಬರಲಿಲ್ಲ. ಇಳಿಯುವಾಗ ನೀವು ನನ್ನ ಕೈ ಹಿಡಿಯಲೂ ಇಲ್ಲ. ಒಬ್ಬರೇ ಹಿಂದೆ ಉಳಿದಿರಿ. ತಿರುಗಿ ನೋಡಬಾರದೆಂಬ ಪದ್ಧತಿ ನನಗೂ ಇದೆಯೇನೋ ಎಂದು ಹೆದರಿ ನಾನು ತಿರುಗಲಿಲ್ಲ.

ಪೂರ್ತಿ ಮುಗಿಯಿತಾ ಅತ್ತೆ?

ಶಿಲ್ಪಶ್ರೀ

*

ಹಾರನಹಳ್ಳಿ
28-11-2024

ಶಿಲ್ಪಶ್ರೀ,

ಟೆಸ್ಟು ಹೇಗೆ ಬರೆದೆ ಎಂದು ತಿಳಿಸು. ಕಳೆದ ಪತ್ರದಲ್ಲಿ ಒಂದೂ ತಪ್ಪಿಲ್ಲ, ಕೆಂಪು ಪೆನ್ನಿಗೆ ಕೆಲಸ ಸಿಗಲಿಲ್ಲ.

ಆ ಪೇಪರಿನ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಸಚಿವರ ಮನೆಯ ಬಗ್ಗೆ ಇನ್ನೇನೋ ದೊಡ್ಡದಾಗಿ ಬರೆಯುತ್ತಾನಂತೆ. ಒಬ್ಬಳು ಮಗಳು, ಒಬ್ಬ ಮಗ ಎಂದೆ. ಪೆನ್ನು ನಿಲ್ಲಿಸಿ, “ಆವತ್ತು ಒಬ್ನೇ ಅಂದಿದ್ರಲ್ಲಮ್ಮ?” ಎಂದ. ಆವತ್ತು ಒಬ್ಬನೇ ಇದ್ದ ಕಣಪ್ಪ ಎಂದೆ. ಕಾಫಿ ಕುಡಿದು, ನನ್ನ ಮುಖ ನೋಡಿ ಹೋದ.

ನಿನ್ನೆ ಮಾಲಿನಿ ಬಂದಿದ್ದಳು. ಮಾಲೇಕಲ್ಲಿನಿಂದ ಬಂದ ದಿನ ಒಗೆಯುವುದಕ್ಕೆಂದು ನಿಮ್ಮಪ್ಪನ ಜುಬ್ಬ ತೆಗೆದರೆ ಜೇಬಿನಲ್ಲಿ ತೌಡು ಇತ್ತಂತೆ. ಕೊಡವಲು ಹೋದವಳ ಕೈ ಹಿಡಿದುಕೊಂಡು, “ಅದು ನಮ್ಮಕ್ಕಂಗೆ ಸೇರ್ಬೇಕಾದ್ದು. ಕೊಡಲ್ಲ. ಹಂಗೇ ಇಟ್ಟಿರು” ಎಂದನಂತೆ. ಹಾರ್ಲಿಕ್ಸ್ ಬಾಟಲಿಗೆ ತುಂಬಿ ದೇವರ ಮನೆಯಲ್ಲಿ ಇಟ್ಟಿದ್ದಾಳೆ. ಬಂದ ಅಧಿಕಾರಿಗಳು ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುತ್ತಾರಂತೆ.

ನೀನು ಕಣ್ಣು ಮುಚ್ಚಿದ್ದೆ, ನಾನು ಮುಚ್ಚಿರಲಿಲ್ಲ. ಸುರಿಯುವ ಮುಂಚೆ ಅವನು ಮೊರಕ್ಕೆ ಕೈ ಹಾಕಿದ್ದು ಕಂಡೆ. ಉಳಿದದ್ದನ್ನು ಹಸುಗಳಿಗೆ ಇಟ್ಟೆ.

ಕೈ ಹಿಡಿಯಲಿಲ್ಲ ಎಂದು ಬರೆದಿದ್ದೀಯ. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದೆ. ಮಂಡಿ ನೋಯುತ್ತಿತ್ತು. ಈ ಸಲ ನಿಜವಾಗಿ.

ಲಲಿತತ್ತೆ